ಪತ್ತಾರರ ಬಲಗಣ್ಣಿನ ಎರಡು ಅಳತೆಗಳು

ಬುಧವಾರ ಮಧ್ಯಾಹ್ನ ನನ್ನ ಮೇಜಿನ ಮೇಲೆ ಒಂದೇ ಕಣ್ಣಿನ ಎರಡು ಅಳತೆಗಳಿದ್ದವು. ನಾನು ತೆಗೆದದ್ದು ಮೂವತ್ತೊಂದು ಪಾಯಿಂಟ್ ಎರಡು ಮಿಲಿಮೀಟರ್. ಹೊಸ ಯಂತ್ರದ ಚೀಟಿಯಲ್ಲಿದ್ದದ್ದು ಇಪ್ಪತ್ತೊಂಬತ್ತು ಪಾಯಿಂಟ್ ಒಂದು ಎರಡು. ಕಣ್ಣುಗುಡ್ಡೆಯ ಮುಂಭಾಗದಿಂದ ಹಿಂದಿನ ಗೋಡೆಯವರೆಗಿನ ಉದ್ದ ಇದು. ಪೊರೆ ತೆಗೆದ ಮೇಲೆ ಒಳಗೆ ಯಾವ ಪವರಿನ ಲೆನ್ಸ್ ಕೂರಿಸಬೇಕು ಎಂಬ ಲೆಕ್ಕವೆಲ್ಲ ಈ ಉದ್ದದ ಮೇಲೆ ನಿಂತಿರುತ್ತದೆ. ಬೇರೆ ಕೆಲಸಗಳಲ್ಲಿ ಎರಡು ಮಿಲಿಮೀಟರನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಮ್ಮಲ್ಲಿ ಅಷ್ಟು ತಪ್ಪಿದರೆ ಹತ್ತಿರದ್ದು ಕಾಣಲಿ ಎಂದು ಬಂದವನು ದೂರದ್ದು ಮಾತ್ರ ಕಾಣುವ ಕಣ್ಣು ಹೊತ್ತು ಮನೆಗೆ ಹೋಗುತ್ತಾನೆ.

ಆ ಕಣ್ಣು ಸಿರಸಂಗಿಯ ಪತ್ತಾರರೊಬ್ಬರದು. ಅರವತ್ತು ದಾಟಿದ ಅಕ್ಕಸಾಲಿ. ಚಿಕ್ಕಂದಿನಿಂದ ಮೈನಸ್ ನಂಬರಿನ ದಪ್ಪ ಗಾಜಿನ ಚಾಳೀಸು. ಕೆಲಸಕ್ಕೆ ಕುಳಿತಾಗ ಮಾತ್ರ ಚಾಳೀಸು ತೆಗೆದಿಟ್ಟು, ಒಡವೆಯನ್ನು ಮೂಗಿನ ತುದಿಗೆ ತಂದುಕೊಂಡು ಬೆಸುಗೆ ಹಾಕುತ್ತಿದ್ದರಂತೆ. ಅಂಥ ಕಣ್ಣಿಗೆ ದೂರದ್ದು ಮಂಜು, ಅಂಗೈ ಅಗಲದೊಳಗಿನದು ಮಾತ್ರ ಸ್ಪಷ್ಟ. ಎರಡು ವರ್ಷದಿಂದ ಪೊರೆ ಬೆಳೆದು ಆ ಅಂಗೈ ಅಗಲವೂ ಮಸುಕಾಗಿತ್ತು. ಎಡಗಣ್ಣಿನ ಕಥೆ ಇನ್ನೂ ಕೆಟ್ಟದ್ದು. ದೊಡ್ಡ ಮೈನಸ್ ಕಣ್ಣುಗಳಲ್ಲಿ ಗುಡ್ಡೆ ಹಿಂದಕ್ಕೆ ಹಿಗ್ಗುತ್ತಾ ಹೋಗಿ, ಕೆಲವರಿಗೆ ಅಕ್ಷಿಪಟಲದ ನಟ್ಟನಡುವೆ ಕಲೆ ಬೀಳುತ್ತದೆ. ಪತ್ತಾರರ ಎಡಗಣ್ಣಿನಲ್ಲಿ ಬಿದ್ದಿತ್ತು. ಪೊರೆ ತೆಗೆದರೂ ಆ ಕಣ್ಣಿನಿಂದ ಸಣ್ಣ ಕೆಲಸ ಆಗುವಂತಿರಲಿಲ್ಲ. ಇದ್ದ ಕೆಲಸದ ಕಣ್ಣು ಬಲಗಣ್ಣು ಒಂದೇ.

ಬೈಲಹೊಂಗಲದ ನಮ್ಮ ಕಣ್ಣಿನ ಆಸ್ಪತ್ರೆಗೆ ಅವರು ಬಂದಾಗ ಡಾಕ್ಟರ್ ಸಾಹೇಬರ ಮುಂದೆ ಕೇಳಿಕೊಂಡದ್ದು ನನಗೆ ಚೆನ್ನಾಗಿ ನೆನಪಿದೆ. "ಸಾಹೇಬ್ರ, ದೂರದ್ದು ಕಾಣದಿದ್ರೂ ನಡೀತೈತ್ರಿ. ರಸ್ತಾದಾಗ ಹೆಂಡ್ತಿ ಕೈ ಹಿಡಕೊಂಡು ನಡಿತೇನಿ. ಚಿಮಟಾದ ತುದಿ ಕಾಣಬೇಕ್ರಿ, ಅಷ್ಟ."

ಸಾಹೇಬರು ಅದನ್ನು ಒಪ್ಪಿ ಫೈಲಿನ ಮೇಲೆ "ಗುರಿ ಮೈನಸ್ ನಾಲ್ಕು" ಎಂದು ಬರೆದರು. ಅಂದರೆ ಪೊರೆ ತೆಗೆದ ಮೇಲೂ ಒಂದು ಗೇಣಿನ ಆಸುಪಾಸಿನದು ಬರಿಗಣ್ಣಿಗೆ ಕಾಣುವಂತೆ ಲೆನ್ಸ್ ಹಾಕುವುದು.

ಇನ್ನು ನನ್ನ ವಿಷಯ. ಆ ಆಸ್ಪತ್ರೆಯಲ್ಲಿ ಕಣ್ಣಿನ ಅಳತೆ ತೆಗೆಯುವ, ಚಾಳೀಸಿನ ನಂಬರ್ ನೋಡುವ ಕೆಲಸ ನನ್ನದು. ಕಣ್ಣಿಗೆ ಮರಗಟ್ಟುವ ಹನಿ ಹಾಕಿ, ಪೆನ್ನಿನಂಥ ಅಲ್ಟ್ರಾಸೌಂಡ್ ಕಡ್ಡಿಯನ್ನು ಕರಿಗುಡ್ಡೆಗೆ ತಾಗಿಯೂ ತಾಗದಂತೆ ಹಿಡಿದು ಉದ್ದ ಅಳೆಯುವುದರಲ್ಲಿ ನನ್ನ ಕೈ ಪಳಗಿತ್ತು. ಒತ್ತಿದರೆ ಅಳತೆ ಕಮ್ಮಿ ಬರುತ್ತದೆ, ಓರೆಯಾದರೆ ಸುಳ್ಳು ಬರುತ್ತದೆ. ಪ್ರತಿ ಬುಧವಾರ ಮರುದಿನದ ಆಪರೇಶನ್ನಿನ ಪಟ್ಟಿಗೆ ಲೆನ್ಸ್ ಗೊತ್ತು ಮಾಡುವಾಗ ಸಾಹೇಬರು ನನ್ನನ್ನು ಪಕ್ಕದ ಕುರ್ಚಿಗೆ ಕರೆಯುತ್ತಿದ್ದರು. ಒಂದೊಂದು ಫೈಲು ತೆಗೆದು "ಏನಂತೀರಿ?" ಎಂದು ಕೇಳುತ್ತಿದ್ದರು. ಆ ಎರಡು ತಾಸಿಗಾಗಿ ನಾನು ವಾರವಿಡೀ ದುಡಿಯುತ್ತಿದ್ದೆ ಎಂದರೂ ತಪ್ಪಿಲ್ಲ.

ಪತ್ತಾರರು ಬರುವ ಆರು ತಿಂಗಳ ಮೊದಲು ಆಸ್ಪತ್ರೆಗೆ ಹೊಸ ಯಂತ್ರ ಬಂತು. ಕಣ್ಣಿಗೆ ತಾಗುವುದೇ ಬೇಡ. ರೋಗಿ ಒಳಗಿನ ಕೆಂಪು ಬೆಳಕನ್ನು ನೋಡುತ್ತಾ ಕುಳಿತರೆ ಬೆಳಕಿನಿಂದಲೇ ಉದ್ದ ಅಳೆದುಕೊಡುತ್ತದೆ. ಯಂತ್ರದ ಜೊತೆಗೆ ಅದನ್ನು ನಡೆಸಲು ಒಬ್ಬಾಕೆಯೂ ಬಂದಳು. ರಾಮದುರ್ಗದ ಹುಡುಗಿ, ಇಪ್ಪತ್ತಾರರ ವಯಸ್ಸು, ನಾಲ್ಕು ವರ್ಷದ ಡಿಗ್ರಿ. ನನ್ನದು ಎರಡು ವರ್ಷದ ಡಿಪ್ಲೊಮಾ. ಆಕೆಯ ತಂದೆ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಬೌದ್ಧರ ಮನೆತನ. ಊಟದ ಹೊತ್ತಿಗೆ ಅವರ ಫೋನ್ ಬಂದರೆ "ಜೈಭೀಮ್ ಅಪ್ಪಾ" ಎಂದು ದೊಡ್ಡ ದನಿಯಲ್ಲೇ ಮಾತು ಶುರುಮಾಡುತ್ತಿದ್ದಳು. ಅದು ನನ್ನ ಕಿವಿಗೆ ತಾಗುತ್ತಿತ್ತು. ತಾಗಬಾರದಿತ್ತು. ನನ್ನ ಹೊಟ್ಟೆಕಿಚ್ಚಿನಲ್ಲಿ ಯಂತ್ರದ ಪಾಲು ಎಷ್ಟು, ಆ ದೊಡ್ಡ ದನಿಯ ಪಾಲು ಎಷ್ಟು ಎಂದು ನಾನು ಆಗ ಕೇಳಿಕೊಳ್ಳಲಿಲ್ಲ. ಈಗ ಬರೆಯುವಾಗ ಮುಚ್ಚಿಡುವುದು ಬೇಡ ಎನಿಸುತ್ತದೆ.

ಮೊದಮೊದಲು ಎಲ್ಲ ಸಣ್ಣ ಸಣ್ಣವು. ನಾನು ಅಳತೆಯನ್ನು ಒಂದು ದಶಮಾಂಶದವರೆಗೆ ಬರೆದರೆ ಆಕೆಯ ಚೀಟಿ ಎರಡು ದಶಮಾಂಶ ತೋರಿಸುತ್ತಿತ್ತು. ಉಗರಗೋಳದಲ್ಲಿ ಭಂಡಾರ ಕುಂಕುಮದ ಅಂಗಡಿ ಇಟ್ಟ ಹೆಣ್ಣುಮಗಳೊಬ್ಬಳು ನನ್ನ ಕೈಯಲ್ಲಿನ ಕಡ್ಡಿ ನೋಡಿ ಹಿಂದೆ ಸರಿದು, "ಕಣ್ಣಿಗೆ ಚುಚ್ಚಬ್ಯಾಡ್ರಿ, ಆ ಮಶಿನ್ ಬಾಯಾರ ಕಡೆ ಹೋಗತೇನಿ" ಎಂದಳು. ಸಾಲಿನಲ್ಲಿದ್ದ ನಾಲ್ಕು ಮಂದಿ ಅವಳ ಹಿಂದೆಯೇ ಎದ್ದು ಹೋದರು. ಆಮೇಲೆ ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಯಲ್ಲಿ ತೂಕದ ಕಟ್ಟೆಯ ಮೇಲೆ ಕೆಲಸ ಮಾಡುವವರೊಬ್ಬರಿಗೆ ಆಕೆಯ ಅಳತೆಯ ಮೇಲೆ ಲೆನ್ಸ್ ಹಾಕಿದರು. ತಿಂಗಳ ನಂತರ ನಾನೇ ನಂಬರ್ ನೋಡಿದೆ. ಸೊನ್ನೆ. ಮೈನಸ್ಸೂ ಇಲ್ಲ, ಪ್ಲಸ್ಸೂ ಇಲ್ಲ. ಸಾಹೇಬರು ಎಲ್ಲರೆದುರಿಗೆ, "ಸೊನ್ನಿ ಅಂದ್ರ ಸೊನ್ನಿ! ನೋಡ್ರಿ, ಹಿಂಗ ಬರಬೇಕು" ಎಂದು ಆಕೆಯ ಕಡೆ ತಿರುಗಿ ನಕ್ಕರು. ನನ್ನ ಕೈಯಿಂದಲೂ ಸೊನ್ನೆಗಳು ಬಂದಿದ್ದವು. ಆಗ ಯಾರೂ ನಕ್ಕಿರಲಿಲ್ಲ.

ಮುಂದಿನ ಬುಧವಾರ ಲೆನ್ಸಿನ ಪಟ್ಟಿಗೆ ಹೋದಾಗ ಸಾಹೇಬರ ಪಕ್ಕದ ಕುರ್ಚಿಯಲ್ಲಿ ಆಕೆ ಕುಳಿತಿದ್ದಳು. ನನ್ನನ್ನು ನೋಡಿ ಏಳಲು ಹೋದಳು. "ಕುಂತ್ರಿ, ಕುಂತ್ರಿ, ಪರವಾಗಿಲ್ಲ" ಎಂದು ನಾನೇ ಅಂದೆ. ಎರಡು ತಾಸು ಗೋಡೆಗೆ ಆನಿಕೊಂಡು ನಿಂತೆ. ಸಾಹೇಬರು ಒಂದೇ ಒಂದು ಸಲ ನನ್ನ ಕಡೆ ನೋಡಿದರು, ಕಿಟಕಿ ಹಾಕಲು ಹೇಳುವುದಕ್ಕೆ.

ಇಂಥ ಹೊತ್ತಿನಲ್ಲಿ ಪತ್ತಾರರು ಬಂದರು.

ಮಂಗಳವಾರ ಮೊದಲು ಆಕೆ ಯಂತ್ರದಲ್ಲಿ ಅಳೆದಳು. ನಾನು ಬಾಗಿಲಲ್ಲೇ ಇದ್ದೆ. ಪತ್ತಾರರು ಗಲ್ಲ ಊರಿ ಕೆಂಪು ಬೆಳಕನ್ನು ನೋಡಿದ ರೀತಿಯನ್ನು ನಾನು ಬೇರೆ ರೋಗಿಗಳಲ್ಲಿ ಕಂಡಿಲ್ಲ. ರೆಪ್ಪೆ ಅಲುಗಲಿಲ್ಲ. ನಲವತ್ತೈದು ವರ್ಷ ಬೆಸುಗೆಯ ಬೆಂಕಿಯನ್ನು ದಿಟ್ಟಿಸಿದ ಕಣ್ಣು ಅದು. ಯಂತ್ರ ಐದು ಸಲ ಅಳೆಯಿತು, ಐದೂ ಒಂದೇ. "ಕಾಕಾರ, ನಿಮ್ಮಂಗ ಯಾರೂ ಕುಂತಿಲ್ರಿ ಇಲ್ಲಿ" ಎಂದು ಆಕೆ ಅವರನ್ನು ಹೊಗಳಿದಳು.

ದೊಡ್ಡ ಮೈನಸ್ ಕಣ್ಣಾದ್ದರಿಂದ ಇನ್ನೊಂದು ವಿಧಾನದಲ್ಲೂ ತಾಳೆ ನೋಡಬೇಕೆಂದು ಸಾಹೇಬರು ಅವರನ್ನು ನನ್ನ ಹತ್ತಿರ ಕಳಿಸಿದರು. ಹನಿ ಹಾಕಿ ಕಡ್ಡಿ ಹಿಡಿದೆ. ಹತ್ತು ಅಳತೆ ತೆಗೆಯುವುದು ರೂಢಿ. ಏಳು ಅಳತೆ ಮೂವತ್ತೊಂದರ ಆಚೀಚೆ ಬಂದವು. ಮೂರು ಮಾತ್ರ ಇಪ್ಪತ್ತೊಂಬತ್ತರ ಹತ್ತಿರ ಬಂದವು. ಹೀಗೆ ಎರಡು ಗುಂಪಾದರೆ ಅದರ ಅರ್ಥ ನನಗೆ ಗೊತ್ತು. ಹಿಗ್ಗಿದ ಗುಡ್ಡೆಯ ಹಿಂದಿನ ಗೋಡೆಯಲ್ಲಿ ಎಲ್ಲೋ ಒಂದು ಕಡೆ ತಗ್ಗು ಬಿದ್ದಿರುತ್ತದೆ. ಅಲ್ಟ್ರಾಸೌಂಡ್ ಹೋಗಿ ಆ ತಗ್ಗಿನ ತಳವನ್ನು ಮುಟ್ಟಿ ಬರುತ್ತದೆ. ಆದರೆ ಮನುಷ್ಯ ನೋಡುವ ಬಿಂದು ಆ ತಳದಲ್ಲಿರುವುದಿಲ್ಲ, ತಗ್ಗಿನ ಇಳಿಜಾರಿನ ಮೇಲೆ ಇರುತ್ತದೆ. ಆ ಬಿಂದುವಿನಿಂದಲೇ ರೋಗಿ ಬೆಳಕನ್ನು ನೋಡುವುದರಿಂದ ಯಂತ್ರ ಅಳೆಯುವುದೂ ಅದನ್ನೇ. ಇದನ್ನು ಹೊಸಬರಿಗೆ ನಾನೇ ಹೇಳಿಕೊಟ್ಟಿದ್ದೇನೆ. ಅನುಮಾನ ಬಂದರೆ ಮುಚ್ಚಿದ ರೆಪ್ಪೆಯ ಮೇಲಿಂದ ಸ್ಕ್ಯಾನ್ ಮಾಡಿ ಗೋಡೆಯ ಆಕಾರ ನೋಡಬೇಕು ಎಂಬುದನ್ನೂ ಹೇಳಿಕೊಟ್ಟಿದ್ದೇನೆ.

ಆ ಸ್ಕ್ಯಾನ್ ನಾನು ಮಾಡಲಿಲ್ಲ. ಮೂರು ಅಳತೆಗಳನ್ನು ಒಂದೊಂದಾಗಿ ಆರಿಸಿ ಅಳಿಸಿದೆ. ಉಳಿದ ಏಳರ ಸರಾಸರಿ ಅಂದವಾಗಿ ಬಂತು, ಮೂವತ್ತೊಂದು ಪಾಯಿಂಟ್ ಎರಡು.

ಯಾಕೆ ಅಳಿಸಿದೆ? ಆ ಮೂರು ಅಳತೆಗಳು ಆಕೆಯ ಚೀಟಿಯ ಪರವಾಗಿ ಸಾಕ್ಷಿ ಹೇಳುತ್ತಿದ್ದವು. ನನ್ನದೇ ಕೈ, ನನ್ನದೇ ಕಡ್ಡಿ ಆಕೆಯ ಕಡೆ ಸೇರಿಕೊಂಡಂತೆ ಕಂಡಿತು. ಅದನ್ನು ಸಹಿಸಲು ಆಗಲಿಲ್ಲ.

ಮರುದಿನ ಬುಧವಾರ ಆಕೆ ರಾಮದುರ್ಗದ ಶಿಬಿರಕ್ಕೆ ಹೋಗಿದ್ದಳು. ಬಹಳ ವಾರಗಳ ನಂತರ ಸಾಹೇಬರ ಪಕ್ಕದ ಕುರ್ಚಿ ನನಗೆ ಸಿಕ್ಕಿತು. ಫೈಲು ತೆರೆದ ಸಾಹೇಬರು ಹುಬ್ಬು ಗಂಟಿಕ್ಕಿದರು.

"ಇದೇನಿದು, ಎರಡಕ್ಕೂ ಇಷ್ಟು ಫರಕ್? ಯಾವದು ಖರೆ?"

"ನಂದು ತಗೋರಿ ಸಾಹೇಬ್ರ."

"ಮಶಿನ್ ಯಾಕ ತಪ್ಪು ತೋರಿಸ್ತದ?"

ಆ ಗಳಿಗೆಯಲ್ಲಿ ನಿಜ ಹೇಳಬಹುದಿತ್ತು. "ಮಶಿನ್ ಮುಂದ ಕಣ್ಣು ನಿಲ್ಲಲಿಲ್ರಿ ಅವರದು. ಅತ್ತಿತ್ತ ಅಲಗ್ಯಾಡಿದ್ರು. ಆಕಿ ಹೊಸಬ್ಳು, ಗೊತ್ತಾಗಿಲ್ಲ" ಎಂದೆ.

ಸಾಹೇಬರು ಚೀಟಿಯನ್ನೂ ನನ್ನನ್ನೂ ನೋಡಿದರು. ಹೊರಗೆ ಇನ್ನೂ ಇಪ್ಪತ್ತು ಫೈಲುಗಳಿದ್ದವು. "ಇಷ್ಟು ವರ್ಷದ ಕೈ ನಿಮ್ಮದು" ಎಂದು ನನ್ನ ಅಳತೆಯ ಕೆಳಗೆ ಗೆರೆ ಎಳೆದು, ಐದು ಪವರಿನ ಲೆನ್ಸ್ ಎಂದು ಬರೆದರು. ಆಕೆಯ ಅಳತೆ ಹಿಡಿದಿದ್ದರೆ ಒಂಬತ್ತೂವರೆ ಆಗುತ್ತಿತ್ತು. ಅವರು ಹಾಗೆ ಅಂದಾಗ ನನಗಾದ ಸಂತೋಷವನ್ನು ಇವತ್ತು ನೆನೆದರೆ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ. ಅವತ್ತು ಮಾತ್ರ ಅದು ಅಪ್ಪಟ ಸಂತೋಷವಾಗಿತ್ತು.

ಗುರುವಾರ ಆಪರೇಶನ್ ಸುಸೂತ್ರವಾಗಿ ಆಯಿತು. ಶುಕ್ರವಾರ ಬೆಳಿಗ್ಗೆ ಪಟ್ಟಿ ಬಿಚ್ಚಿ ಅಕ್ಷರದ ಬೋರ್ಡ್ ಓದಿಸುವ ಕೆಲಸ ನನ್ನದು. ಪತ್ತಾರರು ಮೇಲಿನ ದೊಡ್ಡ ಅಕ್ಷರದಿಂದ ಶುರುಮಾಡಿ ಕೆಳಗಿನಿಂದ ಮೂರನೆಯ ಸಾಲಿನವರೆಗೆ ಓದಿದರು. ಹೆಂಡತಿ ಬಾಯಿಯ ಮೇಲೆ ಸೆರಗಿಟ್ಟುಕೊಂಡರು. "ನನ್ನ ಮಾರಿ ಕಾಣತೈತೇನ್ರಿ?" ಎಂದು ಆರು ಹೆಜ್ಜೆ ದೂರದಿಂದ ಕೇಳಿದರು. "ಕಾಣತೈತಿ. ಮುದಿಕಿ ಆಗಿ ನೀ" ಎಂದರು ಪತ್ತಾರರು. ವಾರ್ಡೆಲ್ಲ ನಕ್ಕಿತು. ರೌಂಡ್ಸಿಗೆ ಬಂದ ಸಾಹೇಬರು ದೃಷ್ಟಿಯ ಅಂಕಿ ನೋಡಿ, "ಚಲೋ ಆತು. ಬಾವು ಇಳೀಲಿ, ವಾರ ಬಿಟ್ಟು ನಂಬರ್ ನೋಡೋಣ" ಎಂದು ಮುಂದಿನ ಹಾಸಿಗೆಗೆ ಹೋದರು.

ನಾನು ಮಾತ್ರ ನಗಲಿಲ್ಲ. ಗುರಿ ಮೈನಸ್ ನಾಲ್ಕು ಇದ್ದ ಕಣ್ಣು ಬರಿಗಣ್ಣಿನಲ್ಲಿ ಅಷ್ಟು ದೂರದ ಅಕ್ಷರ ಓದಲು ಸಾಧ್ಯವಿಲ್ಲ. ಓದಿತೆಂದರೆ ಲೆನ್ಸ್ ತಪ್ಪಿದೆ. ರಿಜಿಸ್ಟರಿನಲ್ಲಿ ಅದು ಆ ವಾರದ ಅತ್ಯುತ್ತಮ ಫಲಿತಾಂಶಗಳಲ್ಲಿ ಒಂದಾಗಿ ಬರೆಯಲ್ಪಟ್ಟಿತು. ಬರೆದವನು ನಾನೇ.

ಆ ಮಧ್ಯಾಹ್ನ ಆಕೆ ನನ್ನ ಮೇಜಿನ ಹತ್ತಿರ ಬಂದು ನಿಂತಳು.

"ಸರ್, ಪತ್ತಾರ ಕಾಕಾರ ಅಳತಿ ನಂದು ತಪ್ಪಾಗಿತ್ತಂತಲ್ರಿ? ಕಣ್ಣು ನಿಲ್ಲಲಿಲ್ಲ ಅಂತ ಸಾಹೇಬ್ರು ಅಂದ್ರು. ನನಗ ನಿಂತಿತ್ತು ಅನಿಸಿತ್ತು."

"ಒಮ್ಮೊಮ್ಮೆ ಹಂಗ ಆಗತೈತಿ" ಎಂದೆ. "ಮಶಿನ್ ಹೇಳಿದ್ದನ್ನ ಎಲ್ಲಾ ನಂಬಬಾರದು."

"ನಾ ಇನ್ನ ಮ್ಯಾಲೆ ಹುಷಾರಾಗಿರತೇನ್ರಿ ಸರ್."

ಆಮೇಲಿನ ದಿನಗಳಲ್ಲಿ ಆಕೆ ಪ್ರತಿ ರೋಗಿಯನ್ನೂ ಮೂರು ಮೂರು ಸಲ ಅಳೆಯತೊಡಗಿದಳು. ಸಾಲು ಬಾಗಿಲು ದಾಟಿ ಬೆಳೆಯಿತು. ಸವದತ್ತಿಯ ಶಿಬಿರದಿಂದ ವ್ಯಾನಿನಲ್ಲಿ ಬಂದವರು ಹಸಿದು ಬೈಯತೊಡಗಿದರು. ಸಾಹೇಬರೇ ಒಮ್ಮೆ ಇಣುಕಿ, "ಯಾಕವಾ, ಇಷ್ಟ್ಯಾಕ ತಡಾ?" ಎಂದರು. ಆಕೆಯ ಮುಖ ಕೆಂಪಾಯಿತು. ನಾನು ನನ್ನ ಕೋಣೆಯಲ್ಲಿ ಕುಳಿತು ಕೇಳಿಸಿಕೊಂಡೆ. ಸಂಕಟವಾಗಬೇಕಿತ್ತು. ಒಳಗೊಳಗೆ ಹಾಲು ಕುಡಿದಂತಾಯಿತು.

ಏಳನೆಯ ದಿನ ಪತ್ತಾರರು ತಪಾಸಣೆಗೆ ಬಂದರು. ಜೊತೆಗೆ ಹೆಂಡತಿ. ಇಬ್ಬರ ಮುಖವೂ ಶುಕ್ರವಾರದಂತೆ ಇರಲಿಲ್ಲ.

"ಚಾಳೀಸ್ ಸರ್, ದೂರದ್ದು ಛಲೋ ಕಾಣತೈತ್ರಿ. ಕೈಯಾಗಿಂದು ಕಾಣವಲ್ದು" ಎಂದರು ಪತ್ತಾರರು. ಕಿಸೆಯಿಂದ ಕಾಗದದ ಪೊಟ್ಟಣ ತೆಗೆದು ಬಿಚ್ಚಿದರು. ಸಣ್ಣ ಗುಂಡುಗಳ ಸರದ ಒಂದು ತುಂಡು. ಯಾವ ಗುಂಡಿಗೆ ಬೆಸುಗೆ ಬಿಟ್ಟಿದೆ ಎಂದು ತೋರಿಸಲು ಹೋದರು. ಮೂಗಿನ ತುದಿಗೆ ತಂದರು, ಕೈ ಚಾಚಿ ದೂರ ಹಿಡಿದರು, ಮತ್ತೆ ಹತ್ತಿರ ತಂದರು. ಕಡೆಗೆ ಬೆರಳಿನಿಂದ ಒಂದೊಂದೇ ಗುಂಡನ್ನು ಸವರಿ, "ಇದ ಇರಬೇಕ್ರಿ" ಎಂದರು.

ಅವರು ತೋರಿಸಿದ್ದು ಬೇರೆ ಗುಂಡು.

"ಮೊನ್ನಿ ಚಿಮಟಾ ತಪ್ಪಿ ಬೆರಳ ಸುಟಗೊಂಡಾರ್ರಿ. ಮೊದಲು ಮಸುಕಾದ್ರೂ ಕೈ ಹಿಡೀತಿತ್ತು" ಎಂದರು ಹೆಂಡತಿ.

ನಂಬರ್ ನೋಡಿದೆ. ಮೈನಸ್ ನಾಲ್ಕು ಇರಬೇಕಾದ ಕಡೆ ಮೈನಸ್ ಅರ್ಧವೂ ಇರಲಿಲ್ಲ. ಸುಮಾರು ಮೂರೂವರೆ ಪಾಯಿಂಟ್ ತಪ್ಪಿತ್ತು. ಆಕೆಯ ಚೀಟಿಯಿಂದ ಲೆಕ್ಕ ಹಾಕಿದರೆ ಕೂದಲೆಳೆಯೂ ಬಿಡದಂತೆ ಹೊಂದುತ್ತಿತ್ತು.

ಮುಚ್ಚಿಹಾಕುವ ದಾರಿ ಆಗಲೂ ಇತ್ತು, ಮತ್ತು ನಾನು ಅದನ್ನು ಯೋಚಿಸಿದೆ. ಬಲಗಣ್ಣಿಗೆ ಪ್ಲಸ್ ನಾಲ್ಕರ ಚಾಳೀಸು ಕೊಟ್ಟು "ರೂಢಿ ಆಗತೈತಿ" ಎಂದು ಕಳಿಸುವುದು. ನಂಬರ್ ನೋಡುವ ಖಾಲಿ ಚೌಕಟ್ಟಿನಲ್ಲಿ ಗಾಜು ಹಾಕಿಯೂ ನೋಡಿದೆ. ಆಪರೇಶನ್ ಆಗದ ಎಡಗಣ್ಣಿಗೆ ದೊಡ್ಡ ಮೈನಸ್, ಬಲಗಣ್ಣಿಗೆ ಪ್ಲಸ್. ಪತ್ತಾರರು ಎದ್ದು ಎರಡು ಹೆಜ್ಜೆ ಇಡುವಷ್ಟರಲ್ಲಿ ಗೋಡೆ ಹಿಡಿದರು. "ನೆಲಾ ಓರಿ ಆತ್ರಿ." ಎಡಗಣ್ಣಿಗೆ ಬೇಗ ಆಪರೇಶನ್ ಮಾಡಿಸಿ, ಅದಕ್ಕೆ ಸರಿಯಾದ ಅಳತೆ ಹಾಕಿ, ಬಲಗಣ್ಣು ದೂರಕ್ಕೆ, ಎಡಗಣ್ಣು ಹತ್ತಿರಕ್ಕೆ ಎಂದು ಹೇಳಿದರೆ? ಕೆಲವರಿಗೆ ಬೇಕೆಂದೇ ಹಾಗೆ ಮಾಡುತ್ತಾರೆ, ಯಾರಿಗೂ ಅನುಮಾನ ಬರುತ್ತಿರಲಿಲ್ಲ. ಆದರೆ ಎಡಗಣ್ಣಿನ ನಡುವೆ ಕಲೆ ಇತ್ತು. ಆ ಕಣ್ಣು ಇನ್ನು ಯಾವತ್ತೂ ಚಿಮಟಾದ ತುದಿ ಕಾಣುವುದಿಲ್ಲ.

ಉಳಿದದ್ದು ಲೆನ್ಸ್ ಬದಲಾಯಿಸುವುದು. ಅದಕ್ಕೆ ಹೊತ್ತು ಕಡಿಮೆ. ಪೊರೆ ತೆಗೆದ ಮೇಲೆ ಉಳಿಯುವ ತೆಳು ಚೀಲದೊಳಗೆ ಲೆನ್ಸ್ ಕೂತಿರುತ್ತದೆ. ದಿನ ಹೋದಂತೆ ಚೀಲ ಲೆನ್ಸಿಗೆ ಬಿಗಿದುಕೊಳ್ಳುತ್ತದೆ. ಎರಡು ವಾರದೊಳಗಾದರೆ ಬಿಡಿಸುವುದು ಹಗುರ, ಎರಡು ತಿಂಗಳಾದರೆ ಚೀಲ ಹರಿಯಬಹುದು, ಇಂಥ ಹಿಗ್ಗಿದ ಕಣ್ಣಿನಲ್ಲಿ ಅಕ್ಷಿಪಟಲವೇ ಕಿತ್ತು ಬರಬಹುದು. ನಾನು ಸುಮ್ಮನೆ ಕಳೆದ ಒಂದೊಂದು ದಿನವೂ ಅವರ ಕಣ್ಣಿನಿಂದ ಕಳೆದದ್ದು.

ಅವರನ್ನು ಬೆಂಚಿನ ಮೇಲೆ ಕೂರಿಸಿ ಯಂತ್ರದ ಕೋಣೆಗೆ ಹೋದೆ. ಆಕೆ ಒಬ್ಬ ಅಜ್ಜಿಯನ್ನು ನಾಲ್ಕನೆಯ ಸಲ ಅಳೆಯುತ್ತಿದ್ದಳು. "ಬರ್ರಿ ನನ್ನ ಜೋಡಿ, ಸಾಹೇಬ್ರ ಕಡೆ ಹೋಗೋದೈತಿ" ಎಂದೆ. ಮತ್ತೆ ಏನೋ ತಪ್ಪಾಯಿತು ಎಂದುಕೊಂಡಿರಬೇಕು, ಆಕೆಯ ಕೈ ನಡುಗುತ್ತಿತ್ತು. ಆ ನಡುಕವನ್ನು ನಾನು ನೋಡಿದೆ. ಆಕೆಯ ಕೈ ನಡುಗಬೇಕೆಂದು ತಾನೆ ನಾನು ಇಷ್ಟು ದಿನ ಬಯಸಿದ್ದು. ಬಯಸಿದ್ದು ಕಣ್ಣೆದುರಿಗಿತ್ತು, ನೋಡಲು ಆಗಲಿಲ್ಲ.

ಸಾಹೇಬರ ಕೋಣೆಯಲ್ಲಿ ಎಲ್ಲ ಹೇಳಿದೆ. ಅಳಿಸಿದ ಮೂರು ಅಳತೆ, ಮಾಡದ ಸ್ಕ್ಯಾನ್, ಕಣ್ಣು ನಿಲ್ಲಲಿಲ್ಲ ಎಂಬ ಸುಳ್ಳು.

ಸಾಹೇಬರು ಬಹಳ ಹೊತ್ತು ಫೈಲು ತಿರುವಿದರು. "ತಪ್ಪು ನಂದೂ ಅದ" ಎಂದರು. "ಇಷ್ಟು ಫರಕ್ ಇದ್ದಾಗ ನಾ ಮತ್ತೊಮ್ಮೆ ಅಳೀಬೇಕಿತ್ತು. ನಿಮ್ಮ ಮ್ಯಾಲಿನ ನಂಬಿಕಿಗೆ ಬಿಟ್ಟೆ." ಆಮೇಲೆ ದನಿ ಏರಿತು. "ಯಾಕ? ಯಾಕ ಹಿಂಗ ಮಾಡಿದ್ರಿ?"

"ಹೊಟ್ಟಿಕಿಚ್ಚಿಗ್ರಿ" ಎಂದೆ.

ಆಕೆ ಗೋಡೆಯ ಹತ್ತಿರ ನಿಂತಿದ್ದಳು. ಅಳಲಿಲ್ಲ, ಬೈಯಲಿಲ್ಲ. "ಒಂದು ವಾರ ಆಗಾಕ ಬಂತ್ರಿ, ನಾ ಸರಿಯಾಗಿ ಊಟಾ ಮಾಡಿಲ್ಲ. ಈ ಕೆಲಸಾನ ನನಗ ಬರೂದಿಲ್ಲ ಅಂತ ಅಪ್ಪಗ ಫೋನ್ ಮಾಡಿ ಹೇಳೇನಿ" ಎಂದಳು. ಕ್ಷಮೆ ಕೇಳಲು ಬಾಯಿ ತೆರೆದೆ. "ನನಗ ಆಮ್ಯಾಲೆ ಹೇಳ್ರಿ. ಮೊದಲ ಕಾಕಾರಿಗೆ ಹೇಳ್ರಿ" ಎಂದಳು. ಸಾಹೇಬರೂ ತಲೆ ಆಡಿಸಿದರು. "ನೀವ ಹೇಳಬೇಕು. ನಿಮ್ಮ ಬಾಯಿಲೆ."

ಬೆಂಚಿನ ಮುಂದೆ ಮೊಣಕಾಲೂರಿ ಕುಳಿತು ಹೇಳಿದೆ. ಅಳತೆ ತಪ್ಪಿತು, ಲೆನ್ಸ್ ತಪ್ಪಿತು, ತಪ್ಪು ನನ್ನದು, ಆಕೆಯ ಮೇಲಿನ ಹೊಟ್ಟೆಕಿಚ್ಚಿಗೆ ಬೇಕೆಂದೇ ಆದದ್ದು, ನಿಮ್ಮ ಕಣ್ಣು ಯಂತ್ರದ ಮುಂದೆ ನಿಲ್ಲಲಿಲ್ಲ ಎಂದು ಸಾಹೇಬರಿಗೆ ಸುಳ್ಳು ಹೇಳಿದೆ. ಹೆಂಡತಿ ಎದ್ದು ನಿಂತು ಬೈದರು. "ನಿಮ್ಮ ನಿಮ್ಮ ಜಗಳಕ್ಕ ನಮ್ಮ ಕಣ್ಣ ಸಿಕ್ಕಿತ್ತೇನ್ರಿ?" ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು.

ಲೆನ್ಸಿನ ಬಗ್ಗೆ ಪತ್ತಾರರು ಕೇಳಲೇ ಇಲ್ಲ.

"ನಾ ಆ ಬಾಯಾರ ಮುಂದ ರೆಪ್ಪಿ ಅಲಗಿಸದ ಕುಂತಿದ್ನಿ. ನೀವೂ ಬಾಗಲದಾಗ ನಿಂತು ನೋಡಿದ್ರಿ. ನನ್ನ ಕಣ್ಣು ನಿಲ್ಲಲಿಲ್ಲ ಅಂತ ಹೇಳಿದ್ರೇನ್ರಿ ನೀವು?"

"ಹೌದ್ರಿ."

"ಅದೊಂದು ಹೇಳಬಾರದಿತ್ತು" ಎಂದು ಮುಖ ತಿರುಗಿಸಿದರು.

ಸಾಹೇಬರು ಎಲ್ಲ ಅಪಾಯಗಳನ್ನೂ ಬಿಡಿಸಿ ಹೇಳಿ ಅವರ ಒಪ್ಪಿಗೆ ಕೇಳಿದರು. ಎರಡು ದಿನ ಮನೆಯಲ್ಲಿ ಯೋಚಿಸಿ ಬರುತ್ತೇವೆಂದು ಹೋದರು. ಆ ಎರಡು ದಿನ ನಾನು ಪ್ರತಿ ಬಸ್ಸಿನ ಸದ್ದಿಗೂ ಬಾಗಿಲಿಗೆ ಬಂದೆ. ಮೂರನೆಯ ದಿನ ಅವರು ಬಂದು ಸಹಿ ಹಾಕಿದರು. ಆಕೆ ಮತ್ತೆ ಅಳೆದಳು. ಮುಚ್ಚಿದ ರೆಪ್ಪೆಯ ಮೇಲಿಂದ ಸಾಹೇಬರು ಸ್ಕ್ಯಾನ್ ಮಾಡಿದರು. ಪರದೆಯ ಮೇಲೆ ಗುಡ್ಡೆಯ ಹಿಂಗೋಡೆ ಒಂದು ಬದಿಗೆ ಬಟ್ಟಲಿನಂತೆ ತಗ್ಗಾಗಿರುವುದು ಯಾರಿಗಾದರೂ ಕಾಣುವಷ್ಟು ಸ್ಪಷ್ಟವಾಗಿತ್ತು.

ಹನ್ನೊಂದನೆಯ ದಿನ ಲೆನ್ಸ್ ಬದಲಾಯಿಸಿದರು. "ಒಳಗ ಬಂದು ನಿಂತು ನೋಡ್ರಿ" ಎಂದು ಸಾಹೇಬರು ನನಗೆ ಅಪ್ಪಣೆ ಮಾಡಿದ್ದರು. ಗೌನು ತೊಟ್ಟು ಪರದೆಯ ಮುಂದೆ ನಿಂತೆ. ಹಳೆಯ ಗಾಯವನ್ನೇ ತೆರೆದು, ಒಳಗೆ ಜೆಲ್ ತುಂಬಿ, ಚೀಲದ ಅಂಚನ್ನು ಲೆನ್ಸಿನಿಂದ ಸುತ್ತಲೂ ಬಿಡಿಸಿದರು. ಒಂದು ಕಡೆ ಅಂಟಿಕೊಂಡಿತ್ತು. ಸಾಹೇಬರ ಕೈ ನಿಂತಿತು. ಪರದೆಯ ಮೇಲೆ ಚೀಲದಲ್ಲಿ ಬೆರಳಿನ ಗೆರೆಯಂಥ ಸುಕ್ಕುಗಳೆದ್ದವು. ಇನ್ನೊಂದಿಷ್ಟು ಎಳೆದರೆ ಹರಿಯುತ್ತಿತ್ತು. ಎಳೆಯಲಿಲ್ಲ. ಇನ್ನಷ್ಟು ಜೆಲ್ ಹಾಕಿ, ಕಾದು, ಮತ್ತೆ ಬಿಡಿಸಿದರು. ಲೆನ್ಸ್ ತಿರುಗಿ ಮೇಲೆ ಬಂತು. ಅದನ್ನು ಒಳಗೇ ಎರಡು ತುಂಡು ಮಾಡಿ ಹೊರಗೆ ತೆಗೆದರು. ಒಂಬತ್ತೂವರೆಯ ಲೆನ್ಸ್ ಕೂತಿತು. ನನ್ನ ಬೆನ್ನು ಗೌನಿಗೆ ಅಂಟಿಹೋಗಿತ್ತು.

ಮಾರನೆಯ ದಿನ ಅಕ್ಷರದ ಬೋರ್ಡಿನಲ್ಲಿ ಪತ್ತಾರರು ಮೇಲಿನ ಒಂದು ಅಕ್ಷರ ಮಾತ್ರ ಓದಿದರು. ನಾವು ಬಯಸಿದ್ದೂ ಅದನ್ನೇ. ಆಮೇಲೆ ಆಕೆ ಅವರ ಕೈಗೆ ಆ ಸರದ ತುಂಡನ್ನು ಕೊಟ್ಟಳು. ಒಂದು ಗೇಣಿನ ದೂರದಲ್ಲಿ ಹಿಡಿದು, ಸ್ವಲ್ಪ ಹತ್ತಿರ ತಂದು, ಮೊದಲಿನಂತೆ ಮೂಗಿನವರೆಗೆ ಬೇಡ ಎಂದು ಕಂಡುಕೊಂಡು, ಬೆಸುಗೆ ಬಿಟ್ಟ ಗುಂಡಿನ ಮೇಲೆ ಉಗುರಿಟ್ಟರು. ಸರಿಯಾದ ಗುಂಡು. ಆಮೇಲೆ ಆಕೆಯ ತಲೆಯ ಮೇಲೆ ಕೈ ಇಟ್ಟರು. ನಾನು ಮೂರು ಹೆಜ್ಜೆ ಹಿಂದೆ ನಿಂತಿದ್ದೆ. ಸಮಾಧಾನವೇನೋ ಆಯಿತು. ಆದರೂ ಆ ಕೈ ಆಕೆಯ ತಲೆಯ ಮೇಲೆ ಇದ್ದಷ್ಟು ಹೊತ್ತು ನನ್ನ ಹೊಟ್ಟೆಯಲ್ಲಿ ಅದೇ ಹಳೆಯ ಉರಿ ಎದ್ದಿತು ಎಂಬುದೂ ಅಷ್ಟೇ ನಿಜ. ಇಷ್ಟೆಲ್ಲ ಆದ ಮೇಲೂ ಹೀಗೆಯೇ ಎಂದು ಗೊತ್ತಾದಾಗ ನನಗೆ ನನ್ನದೇ ಭಯವಾಯಿತು.

ಲೆನ್ಸಿನ ಅಳತೆಯಿಂದ ಸಾಹೇಬರು ನನ್ನನ್ನು ಮೂರು ತಿಂಗಳು ದೂರ ಇಟ್ಟರು. ಕಿತ್ತೂರಿನ ನಮ್ಮ ಸಣ್ಣ ಕೇಂದ್ರದಲ್ಲಿ ಚಾಳೀಸಿನ ನಂಬರ್ ನೋಡುತ್ತಾ ಕಳೆದೆ. ಹೋಗುವ ಮೊದಲು ಆಕೆಯ ಮುಂದೆ ನಿಂತು ಕ್ಷಮೆ ಕೇಳಿದೆ. "ಕೇಳಿದ್ರಲ್ಲಾ, ಆತು" ಎಂದಳು. ಕ್ಷಮಿಸಿದೆ ಎನ್ನಲಿಲ್ಲ. ನಾನೂ ಮತ್ತೆ ಕೇಳಲಿಲ್ಲ.

ತಿರುಗಿ ಬಂದ ವಾರವೇ ಪತ್ತಾರರು ಎಡಗಣ್ಣಿಗಾಗಿ ಬಂದರು. ಕಲೆ ಇದ್ದರೂ ಪೊರೆ ತೆಗೆದರೆ ಪಕ್ಕದ ನೋಟ ತಿಳಿಯಾಗುತ್ತದೆ, ನಡೆದಾಡಲು ಅನುಕೂಲ. ಆಕೆ ಯಂತ್ರದಲ್ಲಿ ಅಳೆಯಲು ನೋಡಿದಳು. ಆಗಲಿಲ್ಲ. ನಡುವಿನ ಬಿಂದುವೇ ಸತ್ತ ಕಣ್ಣು ಕೆಂಪು ಬೆಳಕನ್ನು ಹಿಡಿಯಲಾರದೆ ನಿಜವಾಗಿಯೂ ಅತ್ತಿತ್ತ ಅಲೆಯುತ್ತಿತ್ತು. ಪೊರೆಯೂ ಬಹಳ ದಪ್ಪ. ಇಂಥ ಕಣ್ಣಿಗೆ ಅಲ್ಟ್ರಾಸೌಂಡೇ ದಾರಿ. ಮೊದಲು ಗೋಡೆಯ ಆಕಾರ ನೋಡಿಕೊಂಡು, ಆಮೇಲೆ ಕಣ್ಣಿನ ಮೇಲೆ ನೀರಿನ ಸಣ್ಣ ಬಟ್ಟಲಿಟ್ಟು ಅದರೊಳಗೆ ಕಡ್ಡಿ ಇಳಿಸಿ ಅಳೆಯಬೇಕು. ಅದು ಬರುತ್ತಿದ್ದದ್ದು ನನಗೆ. ಆಕೆಯೇ ನನ್ನ ಕೋಣೆಯ ಬಾಗಿಲಿಗೆ ಬಂದಳು.

"ಕಾಕಾರ, ಇದನ್ನ ಸರ್ ಅಳೀಬೇಕಾಗತೈತ್ರಿ" ಎಂದಳು ಪತ್ತಾರರಿಗೆ.

ಪತ್ತಾರರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ನಾನು ನಿಂತದ್ದು ಒಂದು ಗೇಣಿಗಿಂತ ದೂರ, ಈಗ ಅವರಿಗೆ ನನ್ನ ಮುಖ ಮಸುಕಾಗಿ ಕಂಡಿದ್ದೀತು.

"ಬಾಯಾರು ಮುಂದ ನಿಂತಿರಬೇಕು" ಎಂದರು. "ಅವರು ಹೂಂ ಅಂದ್ರ ಬರೀರಿ. ಇಲ್ಲಾಂದ್ರ ಬರಿಯೂ ಹಂಗಿಲ್ಲ."

"ಆಗಲ್ರಿ" ಎಂದೆ.

ಮಲಗಿಸಿ, ಹನಿ ಹಾಕಿ, ಬಟ್ಟಲಿಟ್ಟು ನೀರು ತುಂಬಿದೆ. ಕಡ್ಡಿ ಇಳಿಸಿದೆ. ಆಕೆ ಪರದೆಯ ಪಕ್ಕದಲ್ಲಿ ಕೈಕಟ್ಟಿ ನಿಂತಳು. ಮೊದಲ ಸುತ್ತಿನ ಹತ್ತು ಅಳತೆ ಬಂದವು. ಎರಡು ಮಾತ್ರ ಬೇರೆಯಾಗಿದ್ದವು. ನಾನು ಯಾವ ಗುಂಡಿಯನ್ನೂ ಮುಟ್ಟದೆ ಆಕೆಯ ಕಡೆ ನೋಡಿದೆ.

"ಇನ್ನೊಮ್ಮೆ ತಗೀರಿ" ಎಂದಳು.

ತೆಗೆದೆ. ಎರಡನೆಯ ಸುತ್ತಿಗೂ ಅದೇ ಮಾತು. ಮೂರನೆಯದಕ್ಕೂ. ನನ್ನ ಕೈ ಸೋಲತೊಡಗಿತ್ತು. ಇಪ್ಪತ್ತಾರರ ಹುಡುಗಿ ಹೇಳಿದಂತೆ, ಅರ್ಧ ವಯಸ್ಸು ಕಳೆದ ಕೈ ಮತ್ತೆ ಮತ್ತೆ ನೀರಿಗೆ ಇಳಿಯುತ್ತಿತ್ತು. ಕೋಪ ಬಂತು, ಮತ್ಸರವೂ ಬಂತು. ಎರಡನ್ನೂ ಇಟ್ಟುಕೊಂಡೇ ಕಡ್ಡಿಯನ್ನು ನೇರ ಹಿಡಿದೆ. ನಾಲ್ಕನೆಯ ಸುತ್ತಿನಲ್ಲಿ ಹತ್ತೂ ಒಂದೇ ಸಾಲಿನಲ್ಲಿ ಬಂದವು. ಆಕೆ ಬಗ್ಗಿ ಒಂದೊಂದನ್ನೂ ಓದಿದಳು, ಸ್ಕ್ಯಾನಿನ ಚಿತ್ರದ ಜೊತೆ ಹಿಡಿದು ನೋಡಿದಳು.

"ಹೂಂ" ಎಂದಳು. "ಬರೀರಿ."

ಬರೆದೆ.